ಮೊದಲ ಮಳೆಯ ನೀರು ಮತ್ತು ಮನೆಯ ಆರೋಗ್ಯ

ಭರಣಿ, ಕೃತ್ತಿಕಾ ಮಳೆಗಳಿಗಾಗಿ ರೈತನು ಆಕಾಶದತ್ತ ಕಣ್ಣಿಟ್ಟು ಕಾಯುವುದು ಸಹಜವೇ ಆಗಿದೆ. ಬೇಸಗೆಯಲ್ಲಿ ಬಿರಿದ ನೆಲವು ತಣಿಯುವುದೂ, ಕಟ್ಟೆ ಕುಂಟೆಗಳಿಗೆ ನೀರು ಬರುವುದೂ, ಬಿತ್ತನೆಗೆ ಭೂಮಿ ಹದಗೊಳ್ಳುವುದೂ ಆ ಮಳೆಗಳಿಂದಲೇ. ಆದರೆ ಅದೇ ದಿನಗಳಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಬರುವ ರೋಗಿಗಳನ್ನು ಗಮನಿಸಿದರೆ ಇನ್ನೊಂದು ಸಂಗತಿಯೂ ಕಂಡುಬರುತ್ತದೆ. ಮುಂಗಾರು ಆರಂಭವಾದ ಕೆಲವು ವಾರಗಳೊಳಗೆ ವಾಂತಿಭೇದಿ, ಆಮಶಂಕೆ, ವಿಷಮಶೀತ ಜ್ವರ, ಕಾಮಾಲೆ ಇವೆಲ್ಲವೂ ತಲೆಯೆತ್ತುತ್ತವೆ. ಬೇಸಗೆಯ ಉದ್ದಕ್ಕೂ ನೆಲದ ಮೇಲೆ ನಾವು ಬಿಟ್ಟುಬಿಟ್ಟಿದ್ದ ಕಶ್ಮಲವನ್ನು ಮಳೆಯ ನೀರು ಎತ್ತಿಕೊಂಡು ನಮ್ಮ ಕೊಡದವರೆಗೂ ತಂದು ಮುಟ್ಟಿಸುವುದೇ ಇದಕ್ಕೆ ಬಹುಮಟ್ಟಿಗೆ ಕಾರಣವಾಗಿದೆ.

ಹರಿಯುವ ನೀರು ಏನನ್ನು ಒಯ್ಯುತ್ತದೆ?

ಬಿದ್ದ ಮಳೆಯಲ್ಲಿ ಒಂದು ಭಾಗ ನೆಲದಲ್ಲಿ ಇಂಗುತ್ತದೆ, ಇನ್ನೊಂದು ಭಾಗ ಇಳಿಜಾರಿನ ಕಡೆಗೆ ಹರಿಯುತ್ತದೆ. ಹೊಲದಲ್ಲಿ, ಹುಲ್ಲುಗಾವಲಿನಲ್ಲಿ ಇಂಗುವ ಪಾಲು ಹೆಚ್ಚು. ಕಾಂಕ್ರೀಟು ಹಾಕಿದ ಬೀದಿ, ಸಿಮೆಂಟಿನ ಅಂಗಳ, ತಗಡಿನ ಮಾಡು ಇವುಗಳ ಮೇಲೆ ಬಿದ್ದ ನೀರು ಬಹುತೇಕ ಹರಿದೇ ಹೋಗುತ್ತದೆ. ಈಚಿನ ವರ್ಷಗಳಲ್ಲಿ ನಮ್ಮ ಹಳ್ಳಿಗಳ ಬೀದಿಗಳೂ ಕಾಂಕ್ರೀಟಿನವಾಗಿವೆ. ಕೆಸರು ತಪ್ಪಿತೆಂಬ ಸಂತೋಷ ನ್ಯಾಯವಾದುದೇ. ಆದರೆ ಮೊದಲು ಅರ್ಧ ಗಂಟೆಯಲ್ಲಿ ಕೆರೆ ಸೇರುತ್ತಿದ್ದ ನೀರು ಈಗ ಹತ್ತೇ ನಿಮಿಷಗಳಲ್ಲಿ, ದಾರಿಯಲ್ಲಿದ್ದುದನ್ನೆಲ್ಲ ತೊಳೆದುಕೊಂಡು ಸೇರಬಹುದೆಂಬುದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಆ ನೀರು ತೊಳೆದೊಯ್ಯುವ ವಸ್ತುಗಳು ಎಲ್ಲರಿಗೂ ಗೊತ್ತಿರುವಂಥವೇ: ದನದ ಕೊಟ್ಟಿಗೆಯ ಗಂಜಳ, ತಿಪ್ಪೆಯ ರಸ, ಬಯಲಿನಲ್ಲಿ ವಿಸರ್ಜಿಸಿದ ಮಲ, ಕೋಳಿಫಾರಂನ ಹೊಲಸು, ಟ್ರ್ಯಾಕ್ಟರು ತೊಳೆದ ಎಣ್ಣೆ, ಹೊಲಕ್ಕೆ ಎರಚಿದ ಯೂರಿಯಾ, ಗಿಡಗಳಿಗೆ ಸಿಂಪಡಿಸಿದ ಕೀಟನಾಶಕ. ಇವುಗಳಲ್ಲಿ ಹೆಚ್ಚಿನ ಪಾಲು ಮೊದಲ ಒಂದೆರಡು ಮಳೆಗಳಲ್ಲಿಯೇ, ಅದರಲ್ಲಿಯೂ ಮಳೆಯ ಮೊದಲ ಕೆಲವು ನಿಮಿಷಗಳಲ್ಲಿಯೇ ಹರಿದುಬರುತ್ತದೆ. ಮಾಡಿನ ನೀರನ್ನು ತೊಟ್ಟಿಗೆ ತುಂಬುವವರು ಮೊದಲ ಮಳೆಯನ್ನು ಹೊರಕ್ಕೆ ಬಿಟ್ಟು, ಆಮೇಲಿನದನ್ನು ಹಿಡಿಯುವುದು ಇದೇ ಕಾರಣದಿಂದ.

ನಮ್ಮ ರಾಜ್ಯದಲ್ಲಿ ಸುಮಾರು 36,000 ಕೆರೆಗಳಿವೆ. ಒಂದರ ಕೋಡಿಯ ನೀರು ಇನ್ನೊಂದಕ್ಕೆ ಇಳಿಯುವಂತೆ ಹಿರಿಯರು ಇವುಗಳಲ್ಲಿ ಅನೇಕವನ್ನು ಸಾಲಾಗಿ ಕಟ್ಟಿದ್ದರು. ಈ ಏರ್ಪಾಟಿನ ಗುಣವೇ ಇಂದು ಅದರ ಅಪಾಯವೂ ಆಗಿದೆ: ಮೇಲಿನ ಊರು ಚರಂಡಿಗೆ ಬಿಟ್ಟದ್ದು ಕೆಳಗಿನ ಊರಿನ ಕೆರೆಗೆ ಬರುತ್ತದೆ. ಬೆಂಗಳೂರಿನ ಬೆಳ್ಳಂದೂರು ಕೆರೆ ಇಂತಹ ಸರಪಳಿಯ ಕೆಳತುದಿಯಲ್ಲಿರುವುದು. ಮಳೆನೀರಿಗೆಂದು ಇದ್ದ ರಾಜಕಾಲುವೆಗಳಲ್ಲಿ ನಗರದ ಕೊಳಚೆ ಹರಿದುದರ ಫಲವಾಗಿ 2015ರಲ್ಲಿಯೂ ಅನಂತರ 2017 ಹಾಗೂ 2018ರಲ್ಲಿಯೂ ಆ ಕೆರೆಗೆ ಬೆಂಕಿ ಹತ್ತಿಕೊಂಡಿತು. ನೀರಿಗೆ ಬೆಂಕಿ ಬೀಳುವುದೆಂಬ ಮಾತನ್ನು ಹಿಂದಿನವರು ಕೇಳಿದ್ದರೆ ನಗುತ್ತಿದ್ದರು.

ಗರ್ಭಿಣಿಗೆ ಮತ್ತು ಹಸುಗೂಸಿಗೆ ಹೆಚ್ಚಿನ ಅಪಾಯ

ಕೆಟ್ಟ ನೀರು ಮನೆಯ ಎಲ್ಲರಿಗೂ ಕೆಟ್ಟದ್ದೇ. ಆದರೂ ಎಲ್ಲರಿಗೂ ಸಮನಾಗಿ ಅಲ್ಲ. ದುಡಿಯುವ ಗಂಡಸು ಎರಡು ದಿನ ಭೇದಿಯಾಗಿ ಚೇತರಿಸಿಕೊಳ್ಳಬಹುದಾದ ಕಡೆ ಎಂಟು ತಿಂಗಳ ಕೂಸು ಒಂದೇ ದಿನದಲ್ಲಿ ನೀರಿನಂಶವನ್ನು ಕಳೆದುಕೊಂಡು ಪ್ರಾಣಾಪಾಯಕ್ಕೆ ಗುರಿಯಾಗುತ್ತದೆ. ಕಣ್ಣು ಗುಳಿ ಬೀಳುವುದು, ನಾಲಗೆ ಒಣಗುವುದು, ಚಿವುಟಿ ಬಿಟ್ಟ ಹೊಟ್ಟೆಯ ಚರ್ಮ ತಡವಾಗಿ ಹಿಂದಕ್ಕೆ ಹೋಗುವುದು ಇವು ಅದರ ಚಿಹ್ನೆಗಳು. ಭೇದಿ ಆರಂಭವಾದ ಕೂಡಲೇ ಓ.ಆರ್.ಎಸ್. ಪೊಟ್ಟಣವೊಂದನ್ನು ಒಂದು ಲೀಟರು ಶುದ್ಧ ನೀರಿನಲ್ಲಿ ಕರಗಿಸಿ ಗುಟುಕು ಗುಟುಕಾಗಿ ಕುಡಿಸಬೇಕು. ಕಲಸಿದ ನೀರನ್ನು 24 ಗಂಟೆಗಳ ನಂತರ ಚೆಲ್ಲಬೇಕು. ಪೊಟ್ಟಣ ಕೈಗೆ ಸಿಗುವವರೆಗೆ ಒಂದು ಲೀಟರು ನೀರಿಗೆ ಆರು ಮಟ್ಟಸ ಟೀ ಚಮಚ ಸಕ್ಕರೆ, ಅರ್ಧ ಮಟ್ಟಸ ಟೀ ಚಮಚ ಉಪ್ಪು ಸೇರಿಸಿ ಕೊಡಬಹುದು. ಇದರೊಂದಿಗೆ ಆಶಾ ಕಾರ್ಯಕರ್ತೆಯು ನೀಡುವ ಸತುವಿನ (ಜಿಂಕ್) ಮಾತ್ರೆಗಳನ್ನು ಭೇದಿ ನಿಂತರೂ 14 ದಿನ ಪೂರ್ತಿ ಕೊಡಬೇಕು. ತಾಯಿಯ ಹಾಲನ್ನು ಒಂದು ಹೊತ್ತೂ ನಿಲ್ಲಿಸಬಾರದು. ಭೇದಿಯಾದ ಮಗುವಿಗೆ ನೀರು ಕೊಡಬಾರದೆಂಬ ಹಳೆಯ ನಂಬಿಕೆ ಎಷ್ಟೋ ಮನೆಗಳಲ್ಲಿ ಇನ್ನೂ ಉಳಿದಿದೆ. ಅದಕ್ಕಿಂತ ಘಾತುಕವಾದ ನಂಬಿಕೆ ಇನ್ನೊಂದಿಲ್ಲ.

ಗರ್ಭಿಣಿಯ ವಿಷಯದಲ್ಲಿ ಹೆಚ್ಚು ಅಂಜಬೇಕಾದುದು ಕಾಮಾಲೆಗೆ. 1955ರ ಕೊನೆಯಲ್ಲಿ ದೆಹಲಿಯಲ್ಲಿ ಯಮುನಾ ನದಿಯ ಪ್ರವಾಹದ ನಂತರ ನದಿಯ ಹರಿವು ಬದಲಾಗಿ, ನಜಫ್‌ಗಢ ಎಂಬ ದೊಡ್ಡ ನಾಲೆಯ ಹೊಲಸು ನೀರು ನಗರಕ್ಕೆ ಕುಡಿಯುವ ನೀರನ್ನೆತ್ತುವ ವಜೀರಾಬಾದ್ ಸ್ಥಾವರದ ಬಾಯಿಗೆ ಬಂದಿತು. ಅಲ್ಲಿನವರು ಪಟಿಕವನ್ನೂ ಕ್ಲೋರಿನನ್ನೂ ಹೆಚ್ಚಿಸಿದರು. ಅದರಿಂದ ವಿಷಮಶೀತ ಜ್ವರವು ಹಬ್ಬಲಿಲ್ಲ. ಆದರೂ 1956ರ ಜನವರಿಯ ಹೊತ್ತಿಗೆ ಸುಮಾರು 29,000 ಜನರು ಕಾಮಾಲೆಗೆ ತುತ್ತಾಗಿದ್ದರು, ಗರ್ಭಿಣಿಯರಲ್ಲಿ ರೋಗವು ವಿಶೇಷವಾಗಿ ಉಲ್ಬಣಿಸಿತ್ತು. ಅದು ಹೆಪಟೈಟಿಸ್ ಇ ಎಂಬ ವೈರಾಣುವಿನ ಕೆಲಸವೆಂದು ಬಹಳ ವರ್ಷಗಳ ಮೇಲೆ ಗೊತ್ತಾಯಿತು. ಗರ್ಭದ ಕೊನೆಯ ಮೂರು ತಿಂಗಳಲ್ಲಿ ಈ ರೋಗ ತಗುಲಿದರೆ ನೂರಕ್ಕೆ 20ರಿಂದ 25 ಸ್ತ್ರೀಯರು ಮರಣ ಹೊಂದುವ ಸಂಭವವುಂಟು. ಆದುದರಿಂದ ಮಳೆಗಾಲದಲ್ಲಿ ಗರ್ಭಿಣಿಯಿರುವ ಮನೆಯಲ್ಲಿ ಆಕೆಗೆ ಕುದಿಸಿ ಆರಿಸಿದ ನೀರನ್ನೇ ಕೊಡಬೇಕು. ಸೌದೆ ಅಥವಾ ಗ್ಯಾಸು ಖರ್ಚಾಗುವುದೆಂದು ಅತ್ತೆಯವರಾಗಲಿ ಪತಿಯಾಗಲಿ ಆಕ್ಷೇಪಿಸಬಾರದು. ಕಣ್ಣು ಹಳದಿಯಾದರೆ, ಮೂತ್ರವು ಗಾಢ ಬಣ್ಣಕ್ಕೆ ತಿರುಗಿದರೆ ಬೇರು ಕುಡಿಸುವವರನ್ನು ಹುಡುಕಿಕೊಂಡು ಹೋಗದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು.

ಕುದಿಸಿದರೆ ಹೋಗದ ದೋಷವೂ ಒಂದಿದೆ. ತಿಪ್ಪೆಯ ರಸ, ಶೌಚದ ಗುಂಡಿಯ ಸೋರಿಕೆ, ಹೊಲದ ಗೊಬ್ಬರ ಇವುಗಳಿಂದ ನೈಟ್ರೇಟ್ ಎಂಬ ಲವಣವು ಅಂತರ್ಜಲಕ್ಕೆ ಇಳಿಯುತ್ತದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 45 ಮಿಲಿಗ್ರಾಂ ಮೀರಬಾರದೆಂದು ಭಾರತೀಯ ಮಾನಕವು ಹೇಳುತ್ತದೆ. ಬಣ್ಣ, ವಾಸನೆ, ರುಚಿ ಯಾವುದರಿಂದಲೂ ಅದು ತಿಳಿಯುವುದಿಲ್ಲ. ಇಂತಹ ನೀರಿನಲ್ಲಿ ಪುಡಿಹಾಲು ಕಲಸಿ ಆರು ತಿಂಗಳೊಳಗಿನ ಶಿಶುವಿಗೆ ಕುಡಿಸಿದರೆ ಅದರ ರಕ್ತವು ಪ್ರಾಣವಾಯುವನ್ನು ಹೊರುವ ಶಕ್ತಿಯನ್ನು ಕಳೆದುಕೊಂಡು ತುಟಿ, ಉಗುರುಗಳು ನೀಲಿಗಟ್ಟುತ್ತವೆ. ಕುದಿಸಿದಷ್ಟೂ ನೀರು ಆವಿಯಾಗಿ ಉಳಿದುದರಲ್ಲಿ ನೈಟ್ರೇಟ್ ಇನ್ನಷ್ಟು ಸಾಂದ್ರವಾಗುತ್ತದೆ. ಇದಕ್ಕೆ ತಾಯಂದಿರ ಬಳಿ ಸುಲಭವಾದ ರಕ್ಷಣೆಯಿದೆ: ಮೊದಲ ಆರು ತಿಂಗಳು ಶಿಶುವಿಗೆ ಎದೆಹಾಲೊಂದನ್ನೇ ಕೊಡುವುದು, ನೀರನ್ನೂ ಕೊಡದಿರುವುದು.

ಇಷ್ಟಲ್ಲದೆ ಮಲದ ಮೂಲಕ ನೆಲ ಸೇರಿದ ಕೊಕ್ಕೆ ಹುಳುವಿನ ಮರಿಗಳು ಒದ್ದೆ ಮಣ್ಣಿನಲ್ಲಿ ಬರಿಗಾಲಿನ ಚರ್ಮವನ್ನು ಕೊರೆದು ಒಳಸೇರುತ್ತವೆ. ಗರ್ಭಿಣಿಯರ ರಕ್ತಹೀನತೆಗೆ ಇದೂ ಒಂದು ಕಾರಣ. ಕರಾವಳಿ, ಮಲೆನಾಡಿನ ಗದ್ದೆಗಳಲ್ಲಿ ನಿಂತ ನೀರಿನೊಡನೆ ಇಲಿಯ ಮೂತ್ರ ಬೆರೆತು ಕಾಲಿನ ಗಾಯದ ಮೂಲಕ ಇಲಿಜ್ವರ ಬರುತ್ತದೆ.

ಮನೆಯ ಸುತ್ತ ಮಾಡಬೇಕಾದುದು

ಬಚ್ಚಲ ನೀರು ಹೆಂಗಸಿನ ಕೆಲಸ, ಚರಂಡಿ ಪಂಚಾಯಿತಿಯ ಕೆಲಸ, ತಿಪ್ಪೆ ಗಂಡಸಿನ ಕೆಲಸ ಎಂದು ಹಂಚಿಕೊಂಡಿರುವ ಮನೆಗಳೇ ಹೆಚ್ಚು. ನೀರಿಗೆ ಈ ಹಂಚಿಕೆ ತಿಳಿಯದು. ತಿಪ್ಪೆಯನ್ನು ಎಲ್ಲಿ ಹಾಕಬೇಕೆಂದು ನಿರ್ಧರಿಸುವವನು ಬಹುಮಟ್ಟಿಗೆ ನೀರು ಹೊರುವವನಾಗಿರುವುದಿಲ್ಲ. ಆದಕಾರಣ ಗಂಡ ಹೆಂಡತಿಯರಿಬ್ಬರೂ ಮಳೆಗೆ ಮುನ್ನ ಒಂದು ಸಂಜೆ ಮನೆಯ ಸುತ್ತ ಜೊತೆಯಾಗಿ ನಡೆದು, ಅಂಗಳದಲ್ಲಿ ಬಿದ್ದ ನೀರು ಯಾವ ಕಡೆ ಹೋಗುತ್ತದೆ, ದಾರಿಯಲ್ಲಿ ಏನಿದೆ, ಬಾವಿ ಅಥವಾ ಕೊಳವೆಬಾವಿ ಎಷ್ಟು ದೂರದಲ್ಲಿದೆ ಎಂಬುದನ್ನು ನೋಡುವುದು ಒಳ್ಳೆಯದು.

ತಿಪ್ಪೆ, ಕೊಟ್ಟಿಗೆ, ಶೌಚದ ಗುಂಡಿ, ಇಂಗು ಗುಂಡಿ ಇವು ಯಾವುವೂ ಬಾವಿಗೆ 15 ಮೀಟರು, ಅಂದರೆ 50 ಅಡಿಗಿಂತ ಹತ್ತಿರವಿರಬಾರದು. ಬಾವಿಯಿರುವ ಜಾಗ ಇವುಗಳಿಗಿಂತ ಎತ್ತರದಲ್ಲಿರಬೇಕು. ತಿಪ್ಪೆಯನ್ನು ನೆಲದ ಮೇಲೆ ರಾಶಿ ಹಾಕದೆ ಗುಂಡಿಯಲ್ಲಿ ತುಂಬಿ, ಸುತ್ತಲೂ ಒಂದು ಗೇಣೆತ್ತರ ಮಣ್ಣಿನ ಬದುವನ್ನು ಕಟ್ಟಿದರೆ ಹೊರಗಿನ ನೀರು ಒಳಗೆ ನುಗ್ಗುವುದಿಲ್ಲ, ಒಳಗಿನ ರಸ ಹೊರಗೆ ಹರಿಯುವುದಿಲ್ಲ. ಇದರಿಂದ ಗೊಬ್ಬರದ ಸತ್ವವೂ ಉಳಿಯುತ್ತದೆ. ಮಳೆಯಲ್ಲಿ ನೆನೆದು ಸಾರ ಕಳೆದುಕೊಂಡ ತಿಪ್ಪೆಯನ್ನು ಹೊಲಕ್ಕೆ ಹೊಡೆಯುವುದು ಬರಿಯ ಹೊರೆ ಸಾಗಿಸಿದಂತೆ.

ಬಚ್ಚಲಿನ ಮತ್ತು ಪಾತ್ರೆ ತೊಳೆದ ನೀರಿಗೆ ಒಂದು ಮೀಟರು ಉದ್ದ, ಅಷ್ಟೇ ಅಗಲ, ಅಷ್ಟೇ ಆಳದ ಇಂಗು ಗುಂಡಿ ಸಾಧಾರಣ ಕುಟುಂಬಕ್ಕೆ ಸಾಕು. ತಳದಲ್ಲಿ ದೊಡ್ಡ ಕಲ್ಲು, ಮೇಲೆ ಸಣ್ಣ ಕಲ್ಲು ಅಥವಾ ಇಟ್ಟಿಗೆ ಚೂರುಗಳನ್ನು ತುಂಬಿ, ನೀರು ಬೀಳುವ ಬಾಯಲ್ಲಿ ತೂತುಗಳಿರುವ ಮಡಕೆಯೊಂದನ್ನು ಹುಲ್ಲಿನೊಡನೆ ಇಟ್ಟರೆ ಅನ್ನದ ಅಗುಳು, ಜಿಡ್ಡು ಅಲ್ಲಿಯೇ ನಿಲ್ಲುತ್ತವೆ. ವಾರಕ್ಕೊಮ್ಮೆ ಆ ಹುಲ್ಲನ್ನು ಬದಲಿಸಬೇಕು. ಗುಂಡಿಗಳು ಕಟ್ಟಿಕೊಳ್ಳುವುದು ಇದೊಂದನ್ನು ಮರೆತುದರಿಂದಲೇ. ಹಿತ್ತಲಿನಲ್ಲಿ ಸ್ಥಳವಿದ್ದವರು ಆ ನೀರನ್ನು ಬಾಳೆ, ಕೆಸು ಗಿಡಗಳಿಗೆ ಬಿಟ್ಟರೆ ಇನ್ನೂ ಉತ್ತಮ. ಕಪ್ಪು ಮಣ್ಣಿನ ಪ್ರದೇಶದಲ್ಲಿ ನೀರು ಬೇಗ ಇಂಗದಿರುವುದರಿಂದ ಅಲ್ಲಿ ಕೈತೋಟವೇ ಲೇಸು.

ಶೌಚಾಲಯಕ್ಕೆ ಎರಡು ಗುಂಡಿಗಳಿರುವುದು ಸರಿಯಾದ ಪದ್ಧತಿ. ಒಂದು ತುಂಬಿದಾಗ ಅದನ್ನು ಮುಚ್ಚಿ ಇನ್ನೊಂದಕ್ಕೆ ತಿರುಗಿಸಿದರೆ ಒಂದೆರಡು ವರ್ಷಗಳಲ್ಲಿ ಮೊದಲನೆಯದರ ಮಲವು ವಾಸನೆಯಿಲ್ಲದ ಗೊಬ್ಬರವಾಗುತ್ತದೆ. ಗುಂಡಿಯ ಕೊಳವೆಯನ್ನು ಬೀದಿ ಚರಂಡಿಗೆ ಸೇರಿಸುವುದು ಈಚೆಗೆ ಹಬ್ಬಿರುವ ಕೆಟ್ಟ ರೂಢಿ. ಮನೆಯೊಳಗೆ ಶೌಚಾಲಯ ಕಟ್ಟಿಸಿ, ಅದರ ಮಲವನ್ನು ನೆರೆಯವರ ಬಾಗಿಲ ಮುಂದೆ ಹರಿಯಬಿಟ್ಟರೆ ಬಯಲಿಗೆ ಹೋಗುವುದಕ್ಕೂ ಇದಕ್ಕೂ ಏನು ವ್ಯತ್ಯಾಸ?

ಹೊಲದ ವಿಷಯದಲ್ಲಿ ಎರಡೇ ಮಾತು. ಜೋರು ಮಳೆಯ ಸೂಚನೆಯಿರುವಾಗ ಯೂರಿಯಾ ಎರಚಿದರೆ ಹಣವೂ ಗೊಬ್ಬರವೂ ಹಳ್ಳದ ಪಾಲಾಗಿ, ಕೆರೆಯಲ್ಲಿ ಪಾಚಿ ಬೆಳೆಯುತ್ತದೆ. ಸಿಂಪಡಣೆಯ ಡಬ್ಬಿ, ಪಂಪುಗಳನ್ನು ಕೆರೆಕಟ್ಟೆಗಳಲ್ಲಿ ಎಂದಿಗೂ ತೊಳೆಯಕೂಡದು. ಮೂರು ಸಲ ಜಾಲಾಡಿ, ಆ ನೀರನ್ನು ಸಿಂಪಡಿಸುವ ದ್ರಾವಣಕ್ಕೇ ಸೇರಿಸಬೇಕು. ಬರಿದಾದ ಡಬ್ಬಿಯಲ್ಲಿ ನೀರು, ಎಣ್ಣೆ ತುಂಬಿಡುವುದು ಸಾವನ್ನು ಮನೆಗೆ ಕರೆದಂತೆ. ಗೇರು ತೋಟಗಳ ಮೇಲೆ ಹಲವು ವರ್ಷ ಎಂಡೋಸಲ್ಫಾನ್ ಸಿಂಪಡಿಸಿದ ದಕ್ಷಿಣ ಕನ್ನಡದ ಹಳ್ಳಿಗಳ ಕುಟುಂಬಗಳು ಅನುಭವಿಸಿದ ಕಷ್ಟ ನಾಡಿಗೆ ತಿಳಿದಿದೆ. ಸರ್ವೋಚ್ಚ ನ್ಯಾಯಾಲಯವು ಅದನ್ನು ತಡೆದುದು 2011ರಲ್ಲಿ.

ಅನುಮತಿಯಿಲ್ಲದೆ ಹರಿಯಬಿಡುವಂತಿಲ್ಲ

ಹಳ್ಳಕ್ಕೆ ಹೊಲಸು ಬಿಡುವುದು ಕೇವಲ ಅವಿವೇಕವೆಂದು ತಿಳಿಯಬಾರದು. ಅದು ಕಾನೂನಿಗೂ ವಿರುದ್ಧ. ನೀರಿನ (ಮಾಲಿನ್ಯ ನಿವಾರಣೆ ಮತ್ತು ನಿಯಂತ್ರಣ) ಅಧಿನಿಯಮವು 1974ರಲ್ಲಿ ಬಂದಿತು. ಅದು ಆರಂಭದಲ್ಲಿಯೇ ಅನ್ವಯವಾದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿಯು ಅದೇ ವರ್ಷ ಸ್ಥಾಪಿತವಾಯಿತು. ಈ ಕಾಯಿದೆಯಲ್ಲಿ ‘ಹೊಳೆ’ ಎಂಬುದಕ್ಕೆ ಕೊಟ್ಟಿರುವ ಅರ್ಥವನ್ನು ಹಳ್ಳಿಗರು ವಿಶೇಷವಾಗಿ ಗಮನಿಸಬೇಕು. ನದಿ ಮಾತ್ರವಲ್ಲದೆ, ಸದ್ಯಕ್ಕೆ ಒಣಗಿರುವ ಹಳ್ಳ, ಮನುಷ್ಯರು ಕಟ್ಟಿದ ಕೆರೆ, ನೆಲದೊಳಗಿನ ಜಲ ಇವೂ ಅದರಲ್ಲಿ ಸೇರುತ್ತವೆ. ‘ಬೇಸಗೆಯಲ್ಲಿ ಇಲ್ಲಿ ನೀರೇ ಇರಲಿಲ್ಲ, ಬರಿಯ ಮರಳಿಗೆ ಸುರಿದೆವು’ ಎಂಬ ಸಮಜಾಯಿಷಿ ನಡೆಯುವುದಿಲ್ಲ.

ಕಲ್ಮಷದ ನೀರನ್ನು ಹೊರಬಿಡುವ ಕಾರ್ಖಾನೆಯಾಗಲಿ ಘಟಕವಾಗಲಿ ಕಟ್ಟಡಕ್ಕೆ ಮುನ್ನ ಸ್ಥಾಪನೆಯ ಸಮ್ಮತಿಯನ್ನೂ, ಕೆಲಸ ಆರಂಭಿಸುವ ಮುನ್ನ ಚಾಲನೆಯ ಸಮ್ಮತಿಯನ್ನೂ ಮಂಡಳಿಯಿಂದ ಪಡೆಯಬೇಕು. ನೀರನ್ನು ಎಲ್ಲಿಗೆ, ಎಷ್ಟು, ಯಾವ ಗುಣಮಟ್ಟದಲ್ಲಿ ಬಿಡಬಹುದೆಂದು ಆ ಪತ್ರದಲ್ಲಿ ಷರತ್ತು ವಿಧಿಸಿರುತ್ತದೆ. ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳ ಕಾಫಿ ಪಲ್ಪಿಂಗ್ ಘಟಕಗಳನ್ನು ಉದಾಹರಣೆಯಾಗಿ ನೋಡಬಹುದು. ಹಣ್ಣಿನ ಸಿಪ್ಪೆ, ಲೋಳೆ ಬೆರೆತ ಹುಳಿ ನೀರು ತೊರೆಗೆ ಸೇರಿದರೆ ಅದು ಕೊಳೆಯುವಾಗ ನೀರಿನಲ್ಲಿರುವ ಪ್ರಾಣವಾಯುವನ್ನೆಲ್ಲ ಹೀರಿ ಮೀನುಗಳು ಸಾಯುತ್ತವೆ, ದನಗಳು ನೀರಿಗೆ ಬಾಯಿಡುವುದಿಲ್ಲ. ಆದುದರಿಂದಲೇ ಅದನ್ನು ಸೋರದ ಹೊಂಡಗಳಲ್ಲಿ ಹಿಡಿದಿಡಬೇಕು. ಆ ಹೊಂಡಕ್ಕೆ ಮಳೆಯ ನೀರು ನುಗ್ಗದಂತೆ ಸುತ್ತಲೂ ಬೇರೆ ಕಾಲುವೆಯನ್ನೂ ತೋಡಬೇಕು. ಇಲ್ಲವಾದರೆ ಒಂದು ಅಕಾಲಿಕ ಮಳೆಗೆ ಹೊಂಡ ತುಂಬಿ ಉಕ್ಕುವುದು. ಅಕ್ಕಿ ಗಿರಣಿ, ಬಣ್ಣದ ಘಟಕ, ಸಕ್ಕರೆ ಕಾರ್ಖಾನೆಗಳ ವಿಷಯವೂ ಹೀಗೆಯೇ.

ಮಳೆನೀರಿನ ಚರಂಡಿಗೇ ಪ್ರತ್ಯೇಕವಾದ ಅನುಮತಿಪತ್ರ ಪಡೆಯಬೇಕೆಂಬ ನಿಯಮವು ಅಮೆರಿಕಾ ದೇಶದಲ್ಲಿದೆ. ಅಲ್ಲಿ 1972ರ ಕಾಯಿದೆಯನ್ನು 1987ರಲ್ಲಿ ತಿದ್ದಿ, 1990ರ ನಿಯಮಗಳ ಮೂಲಕ ಲಕ್ಷ ಮತ್ತು ಅದಕ್ಕಿಂತ ಹೆಚ್ಚು ಜನರಿರುವ ಊರುಗಳ ಮಳೆ ಚರಂಡಿಗಳನ್ನೂ, ಐದು ಎಕರೆ ಮೀರಿದ ಕಟ್ಟಡದ ಕೆಲಸಗಳನ್ನೂ ಅನುಮತಿಗೆ ಒಳಪಡಿಸಿದರು. 1999ರಲ್ಲಿ ಸಣ್ಣ ಪಟ್ಟಣಗಳಿಗೂ, ಒಂದು ಎಕರೆಯ ಕೆಲಸಕ್ಕೂ ವಿಸ್ತರಿಸಿದರು. ನಮ್ಮಲ್ಲಿ ಆ ಹೊಣೆ ಹಲವು ಕಾನೂನುಗಳಲ್ಲಿ ಹಂಚಿಹೋಗಿದೆ. ಚರಂಡಿಗಳನ್ನು ಕಟ್ಟಿಸಿ ಸುಸ್ಥಿತಿಯಲ್ಲಿಡುವುದು 1993ರ ಪಂಚಾಯತ್ ರಾಜ್ ಅಧಿನಿಯಮದಂತೆ ಗ್ರಾಮ ಪಂಚಾಯಿತಿಯ ಕರ್ತವ್ಯ. ಕೆರೆಯಂಗಳವನ್ನು ಒತ್ತುವರಿ ಮಾಡುವುದನ್ನೂ ಅದರಲ್ಲಿ ಕಸ, ಮಣ್ಣು, ಕೊಳಚೆ ಸುರಿಯುವುದನ್ನೂ 2014ರ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರದ ಅಧಿನಿಯಮವು ನಿಷೇಧಿಸಿದೆ. ಮನೆ ಕಟ್ಟುವವರು ಪಂಚಾಯಿತಿಯ ಪರವಾನಗಿ ಪಡೆಯುವಾಗಲೇ ಬಚ್ಚಲ ಮತ್ತು ಶೌಚದ ನೀರು ಎಲ್ಲಿಗೆ ಹೋಗುತ್ತದೆಂಬುದನ್ನು ನಕ್ಷೆಯಲ್ಲಿ ತೋರಿಸುವುದು ಮುಂದಿನ ಜಗಳಗಳನ್ನು ತಪ್ಪಿಸುತ್ತದೆ.

ಹತ್ತಿರದ ಘಟಕವೊಂದು ಹಳ್ಳಕ್ಕೆ ನೀರು ಬಿಡುತ್ತಿದೆಯೆಂಬ ಸಂದೇಹವಿದ್ದರೆ ಏನು ಮಾಡಬೇಕು? ಸಮ್ಮತಿಯ ಷರತ್ತುಗಳನ್ನು ಮಂಡಳಿಯು ಒಂದು ದಾಖಲೆ ಪುಸ್ತಕದಲ್ಲಿ ಬರೆದಿಡಬೇಕೆಂದೂ, ಅದರಿಂದ ಬಾಧಿತರಾದವರು ಅದನ್ನು ನೋಡಬಹುದೆಂದೂ 1974ರ ಕಾಯಿದೆಯೇ ಹೇಳುತ್ತದೆ. ಈ ಹಕ್ಕನ್ನು ಬಳಸಿದವರು ಕಡಿಮೆ. ಮಾಹಿತಿ ಹಕ್ಕು ಅಧಿನಿಯಮ, 2005ರ ಮೇರೆಗೆ ಅರ್ಜಿ ಸಲ್ಲಿಸಿಯೂ ಪ್ರತಿಯನ್ನು ಪಡೆಯಬಹುದು. 30 ದಿನಗಳೊಳಗೆ ಉತ್ತರ ಬರಬೇಕು. ನೀವು ಶೀಶೆಯಲ್ಲಿ ಹಿಡಿದುಕೊಂಡು ಹೋದ ನೀರು ದೂರಿಗೆ ಬಲ ಕೊಡಬಹುದಾದರೂ ನ್ಯಾಯಾಲಯದಲ್ಲಿ ಅದು ಸಾಕಾಗದು. ಮಂಡಳಿಯ ಅಧಿಕಾರಿಯು ಘಟಕದವರಿಗೆ ತಿಳಿಸಿ, ಮಾದರಿಯನ್ನು ಎರಡು ಭಾಗ ಮಾಡಿ, ಮುದ್ರೆ ಹಾಕಿ ಒಯ್ಯಬೇಕೆಂಬುದು ಕ್ರಮ. ಆದುದರಿಂದ ದೂರನ್ನು ಲಿಖಿತವಾಗಿ ಕೊಟ್ಟು, ನೀರು ಬಿಡುವ ದಿನ, ಹೊತ್ತು, ಸ್ಥಳಗಳನ್ನು ಸ್ಪಷ್ಟವಾಗಿ ಬರೆದು, ಸ್ವೀಕೃತಿಯನ್ನು ಪಡೆದಿಟ್ಟುಕೊಳ್ಳಬೇಕು. ಗ್ರಾಮಸಭೆಯ ನಡವಳಿಯಲ್ಲಿಯೂ ವಿಷಯ ದಾಖಲಾಗಲಿ. ಸಭೆಗೆ ಗಂಡಸರು ಮಾತ್ರ ಹೋಗಿ ಬರುವುದು ವಾಡಿಕೆಯಾಗಿದೆ. ನೀರಿನ ಬಣ್ಣ ಎಂದು ಬದಲಾಯಿತೆಂಬುದನ್ನು ಖಚಿತವಾಗಿ ಹೇಳಬಲ್ಲವರು ಮಾತ್ರ ಮನೆಯಲ್ಲಿಯೇ ಉಳಿಯುತ್ತಾರೆ.

ಜನರು ಮನಸ್ಸು ಮಾಡಿದರೆ ನೀರಿನ ರೋಗವೊಂದನ್ನು ಬೇರುಸಹಿತ ಕೀಳಬಹುದೆಂಬುದಕ್ಕೆ ನಾರುಹುಣ್ಣೇ ಸಾಕ್ಷಿ. ಒಂದು ಕಾಲಕ್ಕೆ ಉತ್ತರ ಕರ್ನಾಟಕದ ಹಳ್ಳಿಗಳನ್ನೂ ಕಾಡಿದ್ದ ಈ ರೋಗವು ಮೆಟ್ಟಿಲು ಬಾವಿಗಳಿಗೆ ಕಾಲಿಡುವುದನ್ನು ನಿಲ್ಲಿಸಿ, ನೀರನ್ನು ಬಟ್ಟೆಯಲ್ಲಿ ಸೋಸಿದುದರಿಂದ ಅಳಿಯಿತು. ಭಾರತವು ಅದರಿಂದ ಮುಕ್ತವೆಂದು 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಸಾರಿತು. ಅದಕ್ಕೆ ಲಸಿಕೆಯೂ ಇರಲಿಲ್ಲ, ಔಷಧಿಯೂ ಇರಲಿಲ್ಲ.

ಬಾವಿಗೆ ಹೊರಗಿನ ನೀರು ನುಗ್ಗಿದರೆ

ಬಾವಿಯ ಕಟ್ಟೆ ನೆಲದಿಂದ 70ರಿಂದ 75 ಸೆಂಟಿಮೀಟರು ಎತ್ತರವಿದ್ದು, ಸುತ್ತಲೂ ಒಂದು ಮೀಟರು ಅಗಲದ, ಹೊರಕ್ಕೆ ಇಳಿಜಾರಾದ ಗಾರೆಯ ನೆಲವಿದ್ದರೆ ಬೀದಿಯ ನೀರು ಸುಲಭವಾಗಿ ಒಳಸೇರದು. ಆದರೂ ದೊಡ್ಡ ಮಳೆಯಲ್ಲಿ ನುಗ್ಗಿದರೆ ಮೊದಲು ಕದಡಿದ ನೀರನ್ನು ಎತ್ತಿ ಹೊರಹಾಕಿ, ಹೊಸ ನೀರು ತಿಳಿಯಾದ ಮೇಲೆ ಬ್ಲೀಚಿಂಗ್ ಪೌಡರ್, ಅಂದರೆ ಚೆಲುವೆ ಪುಡಿಯನ್ನು ಹಾಕಬೇಕು. ಸಾಮಾನ್ಯ ಪ್ರಮಾಣವು 1,000 ಲೀಟರು ನೀರಿಗೆ ಎರಡೂವರೆ ಗ್ರಾಂ. ಬಾವಿಯ ಅಡ್ಡಳತೆಯನ್ನು ಅದರಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, 3.14ರಿಂದ ಗುಣಿಸಿ, ನಾಲ್ಕರಿಂದ ಭಾಗಿಸಿದರೆ ಎಷ್ಟು ಸಾವಿರ ಲೀಟರೆಂಬುದು ತಿಳಿಯುತ್ತದೆ, ಅಳತೆಗಳು ಮೀಟರಿನಲ್ಲಿರಬೇಕು. ಮೂರು ಮೀಟರು ಅಗಲದ ಬಾವಿಯಲ್ಲಿ ನಾಲ್ಕು ಮೀಟರು ನೀರಿದ್ದರೆ ಅದು ಸುಮಾರು 28,000 ಲೀಟರು, ಅದಕ್ಕೆ ಬೇಕಾದ ಪುಡಿ ಸುಮಾರು 70 ಗ್ರಾಂ. ನೆರೆಯ ನೀರು ಸೇರಿದ ಬಾವಿಗೆ ಇದಕ್ಕಿಂತ ಹೆಚ್ಚು ಬೇಕಾಗುವುದರಿಂದ ಪ್ರಮಾಣವನ್ನು ಆರೋಗ್ಯ ಸಿಬ್ಬಂದಿಯನ್ನು ಕೇಳಿಯೇ ನಿರ್ಧರಿಸಬೇಕು.

ಪುಡಿಯನ್ನು ನೇರವಾಗಿ ಬಾವಿಗೆ ಸುರಿಯುವುದು ತಪ್ಪು. ಬಕೆಟ್ಟಿನಲ್ಲಿ ಸ್ವಲ್ಪ ನೀರಿನೊಡನೆ ಕಲಸಿ ಹಿಟ್ಟಿನಂತೆ ಮಾಡಿ, ಮುಕ್ಕಾಲು ಬಕೆಟ್ಟು ನೀರು ಸೇರಿಸಿ, ಹತ್ತು ನಿಮಿಷ ಬಿಟ್ಟರೆ ಸುಣ್ಣ ತಳಕ್ಕಿಳಿಯುತ್ತದೆ. ಮೇಲಿನ ತಿಳಿಯನ್ನು ಬೇರೆ ಬಕೆಟ್ಟಿಗೆ ಬಸಿದು, ಹಗ್ಗ ಕಟ್ಟಿ ಬಾವಿಯ ನೀರಿನೊಳಗೆ ಇಳಿಸಿ, ಮೇಲೆ ಕೆಳಗೆ ಆಡಿಸಬೇಕು. ಸುಣ್ಣದ ಗಸಿಯನ್ನು ಬಾವಿಗೆ ಹಾಕಬಾರದು. ಒಂದು ಗಂಟೆಯವರೆಗೆ ಯಾರೂ ನೀರು ಸೇದಕೂಡದು. ರಾತ್ರಿ ಸೇದುವುದು ಮುಗಿದ ಮೇಲೆ ಹಾಕುವುದು ಎಲ್ಲರಿಗೂ ಅನುಕೂಲ. ಬೆಳಿಗ್ಗೆ ನೀರಿನಲ್ಲಿ ಕ್ಲೋರಿನು ಲೀಟರಿಗೆ ಅರ್ಧ ಮಿಲಿಗ್ರಾಂ ಉಳಿದಿದೆಯೇ ಎಂದು ಆರೋಗ್ಯ ಕಾರ್ಯಕರ್ತರು ಬಣ್ಣದ ಪರೀಕ್ಷೆಯಿಂದ ನೋಡಿ ಹೇಳುವರು. ತೆರೆದಿಟ್ಟ ಪುಡಿಯು ಬಿಸಿಲಿಗೂ ಗಾಳಿಗೂ ಸತ್ವ ಕಳೆದುಕೊಳ್ಳುವುದರಿಂದ ಮುಚ್ಚಳ ಬಿಗಿಯಾದ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಮಕ್ಕಳ ಕೈಗೆ ಎಟುಕದ ಕತ್ತಲೆಯ ಜಾಗದಲ್ಲಿ ಇಡಬೇಕು. ಕಳೆದ ವರ್ಷ ಉಳಿದ ಪುಡಿಯನ್ನು ಈ ವರ್ಷದ ಮಳೆಗೆ ನಂಬಬಾರದು.